ಘಾಟಿ ಹತ್ತುವಾಗ ಎಂಜಿನ್ ಕಟಕಟ ಅಂದರೆ: ಟರ್ಬೊ ಕಾರು, ಆಕ್ಟೇನ್ ಮತ್ತು ದೋಷ ಹುಡುಕುವ ದಾರಿ

ನಾಲ್ಕು ವರ್ಷದ ಹಿಂದಿನ ಏಪ್ರಿಲ್. ಮಂಗಳೂರಿನಿಂದ ಬೆಂಗಳೂರಿಗೆ ವಾಪಸ್ ಹೊರಟಿದ್ದೆವು. ಕಾರಿನಲ್ಲಿ ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು, ಅದರ ಮೇಲೆ ಎರಡು ಹಲಸಿನ ಹಣ್ಣು. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಮುಂದೆ ಒಂದು ಟ್ಯಾಂಕರ್ ತೆವಳುತ್ತಿತ್ತು. ಜಾಗ ಸಿಕ್ಕಿತು ಅಂತ ನಾಲ್ಕನೇ ಗೇರಿನಲ್ಲೇ ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ಬಾನೆಟ್ ಒಳಗಿಂದ ಶಬ್ದ ಬಂತು. ತಗಡಿನ ಡಬ್ಬಿಯಲ್ಲಿ ಹುಣಸೆ ಬೀಜ ಹಾಕಿ ಅಲ್ಲಾಡಿಸಿದ ಹಾಗೆ. ಕಾಲು ಎತ್ತಿದರೆ ನಿಲ್ಲುತ್ತದೆ, ಒತ್ತಿದರೆ ಮತ್ತೆ ಶುರು.

"ಚಕ್ರಕ್ಕೆ ಕಲ್ಲು ಸಿಕ್ಕಿರಬೇಕು, ನಿಲ್ಲಿಸಿ ನೋಡು ಮಾರಾಯ" ಅಂದರು ಹಿಂದೆ ಕೂತಿದ್ದ ಭಾವ.

ಕಲ್ಲಲ್ಲ ಅಂತ ನನಗೆ ಗೊತ್ತಿತ್ತು. ಆದರೆ ಏನು ಅಂತ ಪೂರ್ತಿ ತಿಳಿಯಲು ಎರಡು ವಾರ ಬೇಕಾಯಿತು. ಆ ಎರಡು ವಾರದಲ್ಲಿ ಕಲಿತದ್ದನ್ನೂ, ಆಮೇಲೆ ಗೆಳೆಯರ ಗಾಡಿಗಳಲ್ಲಿ ನೋಡಿದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ. ದುಡ್ಡು ಖರ್ಚಾಗದ ಪರೀಕ್ಷೆಗಳು ಮೊದಲು, ಗ್ಯಾರೇಜಿನ ಕೆಲಸ ಆಮೇಲೆ. ನಿಮ್ಮ ಗಾಡಿಗೆ ಹೊಂದುವ ಲಕ್ಷಣ ಯಾವುದೋ ಆ ಭಾಗಕ್ಕೆ ನೇರವಾಗಿ ಹೋಗಬಹುದು. ಆದರೆ ಮೊದಲ ಭಾಗವನ್ನು ಎಲ್ಲರೂ ಓದಿ.

ಯಾವ ಲಕ್ಷಣವೇ ಇರಲಿ, ಮೊದಲು ಪೆಟ್ರೋಲ್ ಮುಚ್ಚಳ ತೆಗೆದು ನೋಡಿ

ಪೆಟ್ರೋಲ್ ಹಾಕುವ ಕಡೆಯ ಚಿಕ್ಕ ಬಾಗಿಲಿನ ಒಳಮೈಯಲ್ಲಿ ಒಂದು ಸ್ಟಿಕ್ಕರ್ ಇರುತ್ತದೆ. ಅದರಲ್ಲಿ ಟೈರಿನ ಗಾಳಿ ಎಷ್ಟಿರಬೇಕು ಅಂತ ಬರೆದಿರಬಹುದು, ಪೆಟ್ರೋಲಿನ ವಿಷಯವೂ ಇರಬಹುದು. 'ರಾನ್ 91', 'ರಾನ್ 95', 'ರಾನ್ 95/98' ಇಂಥ ಬರಹ ಹುಡುಕಿ. ರಾನ್ ಅಂದರೆ ಆಕ್ಟೇನ್ ಅಳೆಯುವ ಒಂದು ಲೆಕ್ಕ. ಸ್ಟಿಕ್ಕರ್ ಅಳಿಸಿದ್ದರೆ ಕಾರಿನ ಜೊತೆ ಬಂದ ಪುಸ್ತಕದಲ್ಲಿ ಇದ್ದೇ ಇರುತ್ತದೆ.

ಇಲ್ಲಿ ಎರಡು ಪದಗಳನ್ನು ಬೇರೆ ಬೇರೆಯಾಗಿ ಓದಬೇಕು. 'ಕನಿಷ್ಠ' ಅಂದರೆ ಅದಕ್ಕಿಂತ ಕಡಿಮೆ ಹಾಕಲೇಬಾರದು. 'ಶಿಫಾರಸು' ಅಂದರೆ ಅದನ್ನು ಹಾಕಿದರೆ ಕಂಪನಿ ಹೇಳಿದ ಪೂರ್ತಿ ಶಕ್ತಿ ಸಿಗುತ್ತದೆ. ಕಡಿಮೆ ಹಾಕಿದರೂ ಗಾಡಿ ಹೊಂದಿಕೊಳ್ಳುತ್ತದೆ, ಸ್ವಲ್ಪ ಪಿಕಪ್ ಕಳೆದುಕೊಳ್ಳುತ್ತದೆ. ಕನಿಷ್ಠ 95, ಶಿಫಾರಸು 98 ಅಂತ ಇದ್ದರೆ 95 ಹಾಕಿ ಓಡಿಸುವುದರಲ್ಲಿ ತಪ್ಪಿಲ್ಲ. 91 ಹಾಕಿದರೆ ತಪ್ಪು.

ಆಕ್ಟೇನ್ ಅಂದರೆ ಪೆಟ್ರೋಲಿನ ಶಕ್ತಿ ಅಂತ ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ಅದು ಪೆಟ್ರೋಲಿನ ತಾಳ್ಮೆ. ಸಿಲಿಂಡರಿನಲ್ಲಿ ಪೆಟ್ರೋಲ್ ಮತ್ತು ಗಾಳಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತವೆ. ಪ್ಲಗ್ ಕಿಡಿ ಕೊಟ್ಟ ಮೇಲೆ ಬೆಂಕಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಡಬೇಕು. ಬೆಂಕಿ ಮುಟ್ಟುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿ ಸಿಡಿದರೆ ಆ ಒತ್ತಡದ ಅಲೆ ಪಿಸ್ಟನ್ನಿಗೂ ಗೋಡೆಗೂ ಬಡಿಯುತ್ತದೆ. ಅದೇ ನಾಕಿಂಗ್. ಹಾಗೆ ತಾನಾಗಿ ಸಿಡಿಯದೆ ಎಷ್ಟು ಹೊತ್ತು ತಡೆದುಕೊಳ್ಳುತ್ತದೆ ಅನ್ನುವುದರ ಅಳತೆಯೇ ಆಕ್ಟೇನ್. ಐಸೊ-ಆಕ್ಟೇನ್ ಎಂಬ ದ್ರವಕ್ಕೆ 100, ಹೆಪ್ಟೇನ್ ಎಂಬುದಕ್ಕೆ 0 ಅಂತ ಇಟ್ಟು, ಪರೀಕ್ಷೆಯ ಎಂಜಿನ್ನಿನಲ್ಲಿ ಹೋಲಿಸಿ ಈ ಸಂಖ್ಯೆ ಕೊಡುತ್ತಾರೆ. ಟರ್ಬೊ ಗಾಡಿಯಲ್ಲಿ ಗಾಳಿಯನ್ನು ತುರುಕಿ ತುಂಬುವುದರಿಂದ ಒತ್ತಡವೂ ಬಿಸಿಯೂ ಜಾಸ್ತಿ. ಅದಕ್ಕೇ ಅದಕ್ಕೆ ಹೆಚ್ಚು ತಾಳ್ಮೆಯ ಪೆಟ್ರೋಲ್ ಬೇಕು.

ಈಗ ಬಂಕಿನ ಕಡೆ ಬನ್ನಿ. ಬಿಎಸ್6 ಎಂಬ ಹೊಗೆ ನಿಯಮ ಬಂದಾಗ, ಅಂದರೆ 2020ರ ಏಪ್ರಿಲ್ ಹೊತ್ತಿಗೆ, ನಮ್ಮಲ್ಲಿ ಮಾಮೂಲಿ ಪೆಟ್ರೋಲ್ 91 ಇತ್ತು. ಶೇ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್ 95 ಮುಟ್ಟುತ್ತದೆ ಅಂತ ಕೇಂದ್ರ ಪೆಟ್ರೋಲಿಯಂ ಸಚಿವಾಲಯ 2025ರಲ್ಲಿ ಹೇಳಿತು. ಇದರ ಮೇಲೆ ಎಕ್ಸ್‌ಪಿ95, ಪವರ್95, ಸ್ಪೀಡ್97, ಪವರ್99, ಎಕ್ಸ್‌ಪಿ100 ಹೀಗೆ ಬೇರೆ ಬೇರೆ ಇವೆ. ಎಕ್ಸ್‌ಪಿ100 ಬಂದದ್ದು 2020ರ ಡಿಸೆಂಬರಿನಲ್ಲಿ. ಅದರ ಬೆಲೆ ಮಾಮೂಲಿ ಪೆಟ್ರೋಲಿನ ಹತ್ತಿರ ಹತ್ತಿರ ಒಂದೂವರೆ ಪಟ್ಟು.

ಬಂಕಿನಲ್ಲಿ "ಸಾರ್, ನಾರ್ಮಲ್ ಹಾಕ್ಲಾ, ಪವರ್ ಹಾಕ್ಲಾ?" ಅಂತ ಕೇಳುತ್ತಾರೆ. ಬೆಲೆ ಜಾಸ್ತಿ ಇರುವ ಎಲ್ಲದಕ್ಕೂ 'ಪವರ್' ಅನ್ನುವುದು ರೂಢಿ. ನೀವು ಹೆಸರು ಕೇಳಬೇಡಿ, ಸಂಖ್ಯೆ ಕೇಳಿ. "ಅಣ್ಣಾ, ಇದು ಎಷ್ಟು ಆಕ್ಟೇನ್?" ಅನ್ನಿ. ಪಂಪಿನ ಮೇಲೆ ಬರೆದಿರುವುದನ್ನು ನೀವೇ ನೋಡಿ. ಸಂಖ್ಯೆ ಎಲ್ಲೂ ಇಲ್ಲದ, ಬರೀ ಆಕರ್ಷಕ ಹೆಸರಿರುವ ಪೆಟ್ರೋಲಿನಲ್ಲಿ ಎಂಜಿನ್ ಶುಚಿ ಮಾಡುವ ಔಷಧಿ ಇರಬಹುದು. ಆಕ್ಟೇನ್ ಜಾಸ್ತಿ ಇರಲೇಬೇಕು ಅಂತೇನಿಲ್ಲ.

ಹೊರದೇಶದಲ್ಲಿ ಇದ್ದು ಬಂದವರಿಗೆ ಒಂದು ಮಾತು. ಅಮೆರಿಕದ ಬಂಕಿನ ಸಂಖ್ಯೆ ಬೇರೆ ಲೆಕ್ಕದ್ದು. ಅಲ್ಲಿ ಎರಡು ಬಗೆಯ ಪರೀಕ್ಷೆಗಳ ಸರಾಸರಿ ಹಾಕುತ್ತಾರೆ. ಅಲ್ಲಿಯ 87 ನಮ್ಮ 91ರ ಆಸುಪಾಸು, ಅಲ್ಲಿಯ 91 ನಮ್ಮ 95ರ ಆಸುಪಾಸು, ಅಲ್ಲಿಯ 93 ನಮ್ಮ 98ರ ಆಸುಪಾಸು. ಕ್ಯಾಲಿಫೋರ್ನಿಯಾದಲ್ಲಿ ಇದೇ ಗಾಡಿಗೆ 91 ಹಾಕುತ್ತಿದ್ದೆ, ಇಲ್ಲೂ 91 ಸಾಕು ಅಂದುಕೊಂಡರೆ ಎಂಜಿನ್ನಿಗೆ ಪೆಟ್ಟು. ದುಬೈಯಿಂದ ಬಂದವರಿಗೆ ಈ ಗೊಂದಲ ಇಲ್ಲ. ಅಲ್ಲಿಯ 91, 95, 98 ನಮ್ಮ ಲೆಕ್ಕದವೇ.

ಲಕ್ಷಣ 1: ಏರಿನಲ್ಲಿ ಅಥವಾ ಜೋರಾಗಿ ಒತ್ತಿದಾಗ ಮಾತ್ರ ಕಟಕಟ ಶಬ್ದ

ಇದು ನನ್ನ ಗಾಡಿಯ ಕಥೆ. ಮೊದಲು ಇದು ನಾಕಿಂಗ್ ಹೌದಾ ಅಂತ ಖಚಿತ ಮಾಡಿಕೊಳ್ಳಿ. ನಾಕಿಂಗ್ ಬರುವುದು ಎಂಜಿನ್ ಮೇಲೆ ಭಾರ ಬಿದ್ದಾಗ. ಬಯಲು ಜಾಗದಲ್ಲಿ ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಇಟ್ಟು, ಶಬ್ದ ಬಂದಾಗ ಇದ್ದಷ್ಟೇ ಆರ್‌ಪಿಎಂಗೆ ಏರಿಸಿ. ಶಬ್ದ ಇಲ್ಲದಿದ್ದರೆ ನಾಕಿಂಗ್ ಇರುವ ಸಾಧ್ಯತೆ ಜಾಸ್ತಿ. ಆಗಲೂ ತಗಡು ನಡುಗಿದಂತೆ ಬಂದರೆ ಸೈಲೆನ್ಸರ್ ಪೈಪಿನ ಮೇಲಿನ ಶಾಖ ತಡೆಯುವ ತಗಡು ಸಡಿಲವಾಗಿರಬಹುದು. ಎಂಜಿನ್ ಸುಮ್ಮನೆ ಓಡುತ್ತಿರುವಾಗ ಹೊಲಿಗೆ ಯಂತ್ರದ ಹಾಗೆ ಟಿಕ್ ಟಿಕ್ ಅನ್ನುತ್ತಿದ್ದರೆ ಅದು ವಾಲ್ವ್ ಒತ್ತುವ ಟ್ಯಾಪೆಟ್ ಅಥವಾ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್. ನೇರ ಇಂಜೆಕ್ಷನ್ (ಸಿಲಿಂಡರಿನ ಒಳಗೇ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ) ಇರುವ ಟರ್ಬೊ ಗಾಡಿಗಳಲ್ಲಿ ಇಂಜೆಕ್ಟರಿನ ಟಿಕ್ ಟಿಕ್ ಸಹಜ. ಅದಕ್ಕೆ ದುಬಾರಿ ಪೆಟ್ರೋಲ್ ಮದ್ದಲ್ಲ.

ರಸ್ತೆಯಲ್ಲೇ ಶಬ್ದ ಬಂದರೆ ಮಾಡಬೇಕಾದ್ದು ಇಷ್ಟು. ಕಾಲು ಎತ್ತಿ. ಗೇರ್ ಕಡಿಮೆ ಮಾಡಿ, ಆರ್‌ಪಿಎಂ ಸ್ವಲ್ಪ ಮೇಲಿಟ್ಟು ಮೆಲ್ಲಗೆ ಹತ್ತಿಸಿ. ದೊಡ್ಡ ಗೇರಿನಲ್ಲಿ ಗಾಡಿಯನ್ನು ಎಳೆಸಿದಷ್ಟೂ ನಾಕಿಂಗ್ ಜಾಸ್ತಿ. ನಾನು ಅಂದು ಎರಡನೇ ಗೇರಿಗೆ ಇಳಿಸಿ, ಎಸಿ ಆರಿಸಿ, ಟ್ಯಾಂಕರಿನ ಹಿಂದೆಯೇ ದೋಣಿಗಾಲ್‌ವರೆಗೆ ಬಂದೆ. ಶಬ್ದ ಮತ್ತೆ ಬರಲಿಲ್ಲ.

ಆಮೇಲೆ ಟ್ಯಾಂಕಿನಲ್ಲಿ ಏನಿದೆ ಅಂತ ನೆನಪು ಮಾಡಿಕೊಳ್ಳಿ. ಬೆಂಗಳೂರಿನಲ್ಲಿ ನಮ್ಮ ಮನೆ ಹತ್ತಿರದ ಬಂಕಿನಲ್ಲಿ 97 ಸಿಗುತ್ತಿತ್ತು. ಗಾಡಿ ಮಾರಿದವರು ಅದನ್ನೇ ಹಾಕುತ್ತಿದ್ದರು ಅಂತ ನಾನೂ ಅದನ್ನೇ ಹಾಕುತ್ತಿದ್ದೆ. ಕರಾವಳಿಯಲ್ಲಿ ಸುಮ್ನೆ ಮಾಮೂಲಿ ಪೆಟ್ರೋಲ್ ತುಂಬಿಸಿದ್ದೆ, ಫುಲ್ ಟ್ಯಾಂಕ್. ಆಗ ಅದು 91.

ಟ್ಯಾಂಕ್ ಖಾಲಿ ಮಾಡಿಸುವ ಅಗತ್ಯ ಇಲ್ಲ. ಬೆರೆಸಿದರೆ ಸಾಕು. ಲೆಕ್ಕ ಸುಲಭ. ಟ್ಯಾಂಕಿನಲ್ಲಿ 91ರ ಪೆಟ್ರೋಲ್ 10 ಲೀಟರ್ ಉಳಿದಿದೆ, ಅದಕ್ಕೆ 97 ಆಕ್ಟೇನಿನದು 20 ಲೀಟರ್ ಹಾಕಿದರೆ ಹೆಚ್ಚುಕಡಿಮೆ 95 ಆಗುತ್ತದೆ. ಅಲ್ಲಿಯವರೆಗೆ ಮೆಲ್ಲಗೆ ಓಡಿಸಿ. ಹೀಗೆ ಮಾಡಿದ ಮೇಲೆ ಶಬ್ದ ಪೂರ್ತಿ ನಿಂತು, ಸ್ಟಿಕ್ಕರಿನಲ್ಲಿ ಇರುವ ಸಂಖ್ಯೆಯೂ 95 ಆಗಿದ್ದರೆ ದೋಷ ಪೆಟ್ರೋಲಿನದೇ. ಕೆಲಸ ಮುಗಿಯಿತು.

ಸ್ಟಿಕ್ಕರ್ ಹೇಳಿದ ಪೆಟ್ರೋಲನ್ನೇ ಹಾಕಿಯೂ ಶಬ್ದ ಬರುತ್ತಿದ್ದರೆ? ಆಗ ಎಂಜಿನ್ನಿನ ಒಳಗೆ ಬಿಸಿಯನ್ನೋ ಒತ್ತಡವನ್ನೋ ಹೆಚ್ಚಿಸುವ ಬೇರೆ ಏನೋ ಇದೆ. ಇಲ್ಲಿ ಆಕ್ಟೇನ್ ಏರಿಸಿ ಶಬ್ದ ಮುಚ್ಚುವುದು ದೊಡ್ಡ ತಪ್ಪು. ಜ್ವರಕ್ಕೆ ಕಾರಣ ಹುಡುಕದೆ ಮಾತ್ರೆ ನುಂಗಿದ ಹಾಗೆ.

ಮೊದಲು ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ. ಎಂಜಿನ್ ತಣ್ಣಗಾದ ಮೇಲೆ ಮಟ್ಟ ನೋಡಿ. ಬಿಸಿ ಇರುವಾಗ ಮುಚ್ಚಳ ತೆಗೆಯಲೇಬೇಡಿ, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಮುಂದಿನ ಜಾಲರಿಯಲ್ಲಿ ಎಲೆ, ಪ್ಲಾಸ್ಟಿಕ್ ಚೀಲ, ಕೆಸರು ಕೂತಿದೆಯಾ ನೋಡಿ. ರೇಡಿಯೇಟರಿನ ಹತ್ತಿರವೇ ಇಂಟರ್‌ಕೂಲರ್ ಇರುತ್ತದೆ. ಟರ್ಬೊ ಒತ್ತಿದ ಬಿಸಿ ಗಾಳಿಯನ್ನು ತಣ್ಣಗೆ ಮಾಡುವುದು ಅದೇ. ಅದರ ಕಣ್ಣುಗಳು ಮುಚ್ಚಿಕೊಂಡಿದ್ದರೆ 98 ಹಾಕಿದರೂ ಬೇಸಿಗೆಯಲ್ಲಿ ಶಬ್ದ ಬರಬಹುದು. ನೀರಿನ ಪೈಪಿನಿಂದ ಮೆಲ್ಲಗೆ ತೊಳೆದರೆ ಸಾಕು. ಪ್ರೆಷರ್ ವಾಷರಿನಲ್ಲಿ ಹತ್ತಿರದಿಂದ ಹೊಡೆದರೆ ತೆಳುವಾದ ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಆಮೇಲೆ ಸ್ಪಾರ್ಕ್ ಪ್ಲಗ್. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ನನ್ನ ಗಾಡಿಯ ಗುಟ್ಟು ಬಿಟ್ಟುಕೊಟ್ಟದ್ದು ಅದೇ. ನಮ್ಮ ಮೆಕ್ಯಾನಿಕ್ ನಾಲ್ಕೂ ಪ್ಲಗ್ ಬಿಚ್ಚಿ, ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟು, ಮೊಬೈಲಿನ ಟಾರ್ಚ್ ಹಿಡಿದರು. ಆರೋಗ್ಯವಾಗಿರುವ ಪ್ಲಗ್ಗಿನ ಪಿಂಗಾಣಿ ತೆಳು ಕಂದು ಅಥವಾ ಬೂದು ಬಣ್ಣ ಇರುತ್ತದೆ. ನನ್ನ ಗಾಡಿಯ ಎರಡನೇ ಮತ್ತು ಮೂರನೇ ಪ್ಲಗ್ಗಿನ ಪಿಂಗಾಣಿಯ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕಿಗಳಿದ್ದವು. ಮೂರನೆಯದರಲ್ಲಿ, ಸೂಜಿಮೊನೆಗಿಂತ ಚಿಕ್ಕದಾಗಿ, ಒಂದೆರಡು ಬೆಳ್ಳಿ ಬಣ್ಣದ ಕಣ ಮಿನುಗಿತು. "ಸಾರ್, ಇದು ಪಿಸ್ಟನ್ನಿನ ಅಲ್ಯುಮಿನಿಯಂ" ಅಂದರು ಅವರು. ನನಗೆ ಮಾತೇ ಹೊರಡಲಿಲ್ಲ.

ಕಪ್ಪು ಚುಕ್ಕಿ ಇದ್ದರೆ ನಾಕಿಂಗ್ ಆಗಿದೆ ಅಂತ ಅರ್ಥ. ಮಿನುಗುವ ಕಣ ಇದ್ದರೆ ಪಿಸ್ಟನ್ ಸವೆಯಲು ಶುರುವಾಗಿದೆ ಅಂತ ಅರ್ಥ, ಅಂಥ ಗಾಡಿಯನ್ನು ಪರೀಕ್ಷೆ ಆಗುವವರೆಗೆ ಓಡಿಸಬೇಡಿ. ಪ್ಲಗ್ಗಿನ ತುದಿ ಬಿಳಿಚಿ, ಅಂಚು ಕರಗಿದಂತಿದ್ದರೆ ಆ ಪ್ಲಗ್ ಗಾಡಿಗೆ ಬೇಕಾದ್ದಕ್ಕಿಂತ ಬಿಸಿ ಜಾತಿಯದು, ಅಥವಾ ಪೆಟ್ರೋಲ್ ಸಾಕಷ್ಟು ಬರುತ್ತಿಲ್ಲ. ಹೊಸ ಪ್ಲಗ್ ಹಾಕುವಾಗ ಪುಸ್ತಕದಲ್ಲಿ ಹೇಳಿದ ನಂಬರಿನದೇ ಹಾಕಿಸಿ. ನೀವೇ ಬಿಚ್ಚುವುದಾದರೆ ಎಂಜಿನ್ ಪೂರ್ತಿ ತಣ್ಣಗಿರಲಿ. ಬಿಸಿಯಲ್ಲಿ ಬಿಚ್ಚಿದರೆ ಅಲ್ಯುಮಿನಿಯಂ ಹೆಡ್ಡಿನ ಥ್ರೆಡ್ ಕಿತ್ತು ಬರುತ್ತದೆ.

ಇದರ ಆಚೆಗೆ ಹೋದರೆ ಗಾಡಿಯ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಸ್ಕ್ಯಾನರ್ ಬೇಕು. ಪಿ0171 ಬಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಪಂಪ್ ಸೋತಿರಬಹುದು, ಇಂಜೆಕ್ಟರ್ ಕಟ್ಟಿರಬಹುದು, ಎಲ್ಲೋ ಗಾಳಿ ಸೋರುತ್ತಿರಬಹುದು. ಪಿ0325 ಮತ್ತು ಅದರ ಪಕ್ಕದ ಕೋಡುಗಳು ನಾಕ್ ಸೆನ್ಸರಿನವು. ಎಂಜಿನ್ ಬ್ಲಾಕಿಗೆ ಬೋಲ್ಟ್ ಮಾಡಿದ ಈ ಚಿಕ್ಕ ಸೆನ್ಸರ್ ನಾಕಿಂಗ್ ಕೇಳಿಸಿಕೊಂಡು ಕಂಪ್ಯೂಟರಿಗೆ ಹೇಳುತ್ತದೆ. ಅದರ ಬೋಲ್ಟ್ ಸಡಿಲವಾದರೂ ಕಷ್ಟ, ಅತಿ ಬಿಗಿಯಾದರೂ ಕಷ್ಟ. ಟಾರ್ಕ್ ರೆಂಚ್ ಇಲ್ಲದವರ ಕೈಗೆ ಅದನ್ನು ಕೊಡಬೇಡಿ. ವಯಸ್ಸಾದ ಎಂಜಿನ್ನಿನಲ್ಲಿ ಸಿಲಿಂಡರ್ ಒಳಗೆ ಕಟ್ಟಿದ ಕಾರ್ಬನ್ ಕೂಡ ನಾಕಿಂಗಿಗೆ ಕಾರಣ. ಅದನ್ನು ಬೋರೋಸ್ಕೋಪ್ ಎಂಬ ತೆಳು ಕೊಳವೆಯ ಕ್ಯಾಮೆರಾ ಇಳಿಸಿ ನೋಡಬಹುದು.

ಬೆಂಗಳೂರಿನಲ್ಲಿ ಬಾರದ ಶಬ್ದ ಘಾಟಿಯಲ್ಲಿ ಯಾಕೆ ಬಂತು? ಇದನ್ನು ತುಂಬ ಜನ ಕೇಳುತ್ತಾರೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ ಇದೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ಶೇ 10 ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಇಲ್ಲಿ ಕಡಿಮೆ ಗಾಳಿ ಎಳೆಯುತ್ತದೆ, ಹಾಗಾಗಿ ಕಡಿಮೆ ಆಕ್ಟೇನನ್ನೂ ಸಹಿಸುತ್ತದೆ. ಟರ್ಬೊ ಆ ಕೊರತೆಯನ್ನು ತುಂಬಿಕೊಳ್ಳುವುದರಿಂದ ಅದಕ್ಕೆ ಈ ರಿಯಾಯಿತಿ ಅಷ್ಟಾಗಿ ಸಿಗುವುದಿಲ್ಲ. ಅದರ ಮೇಲೆ ಘಾಟಿಯ ಕೆಳಗಿನ ಬಿಸಿಲು, ನಾಲ್ಕು ಜನರ ಭಾರ, ನಿಧಾನದ ಲಾರಿಗಳ ಹಿಂದೆ ಗಾಳಿ ಆಡದೆ ಬೆಂದ ಇಂಟರ್‌ಕೂಲರ್. ಎಲ್ಲಾ ಒಟ್ಟಿಗೆ ಸೇರಿದ್ದು ಅಂದು.

ಲಕ್ಷಣ 2: ಶಬ್ದ ಇಲ್ಲ, ಆದರೆ ಪಿಕಪ್ ಸತ್ತಿದೆ

ಹೊಸ ಗಾಡಿಗಳಲ್ಲಿ ಕಡಿಮೆ ಆಕ್ಟೇನ್ ಹಾಕಿದಾಗ ಶಬ್ದಕ್ಕಿಂತ ಇದೇ ಮೊದಲು ಗೊತ್ತಾಗುತ್ತದೆ. ನಾಕ್ ಸೆನ್ಸರ್ ಎಚ್ಚರಿಸಿದ ಕೂಡಲೇ ಕಂಪ್ಯೂಟರ್ ಕಿಡಿ ಹಾರುವ ಹೊತ್ತನ್ನು, ಅಂದರೆ ಟೈಮಿಂಗನ್ನು, ಕೆಲವು ಡಿಗ್ರಿ ತಡ ಮಾಡುತ್ತದೆ. ಟರ್ಬೊ ಒತ್ತಡವನ್ನೂ ಇಳಿಸಬಹುದು. ಎಂಜಿನ್ ಉಳಿಯುತ್ತದೆ, ಶಕ್ತಿ ಇಳಿಯುತ್ತದೆ.

ಪೆಟ್ರೋಲ್ ಬದಲಾಯಿಸಿದ ಮೇಲೆ ಶುರುವಾಯಿತಾ ಅಂತ ಯೋಚಿಸಿ. ಹೌದಾದರೆ ಸ್ಟಿಕ್ಕರಿನ ಸಂಖ್ಯೆಗೆ ವಾಪಸ್ ಹೋಗಿ, ಒಂದು ಟ್ಯಾಂಕ್ ಪೂರ್ತಿ ಓಡಿಸಿ ನೋಡಿ. ಐದು ಕಿಲೋಮೀಟರಿನಲ್ಲಿ ತೀರ್ಪು ಕೊಡಬೇಡಿ. ಹಳೇ ಪೆಟ್ರೋಲ್ ಖರ್ಚಾಗಬೇಕು, ಕಂಪ್ಯೂಟರ್ ಕೂಡ ಟೈಮಿಂಗನ್ನು ನಂಬಿಕೆಯಿಂದ ವಾಪಸ್ ತರಲು ಸ್ವಲ್ಪ ಸಮಯ ತೆಗೆದುಕೊಳ್ಳುತ್ತದೆ.

ಪೆಟ್ರೋಲ್ ಬದಲಾಗಿಲ್ಲ, ಆದರೂ ಪಿಕಪ್ ಇಲ್ಲ ಅಂದರೆ ಏರ್ ಫಿಲ್ಟರ್ ತೆಗೆದು ನೋಡಿ. ಆಮೇಲೆ ಟರ್ಬೊದಿಂದ ಹೊರಡುವ ಹೋಸ್ ಪೈಪುಗಳು. ಒತ್ತಿದಾಗ ಸುಯ್ ಅಂತ ಗಾಳಿ ಸೋರುವ ಶಬ್ದ ಬಂದರೆ, ಹೋಸ್ ಜೋಡಣೆಯ ಹತ್ತಿರ ಎಣ್ಣೆ ಜಿಡ್ಡು ಕಂಡರೆ ಅಲ್ಲೇ ದೋಷ. ಸ್ಕ್ಯಾನರಿನಲ್ಲಿ ಪಿ0299 ಬರಬಹುದು, ಅಂದರೆ ಟರ್ಬೊ ಒತ್ತಡ ಸಾಲುತ್ತಿಲ್ಲ.

ಸಾವಿರ-ಎರಡು ಸಾವಿರ ರೂಪಾಯಿಯ ಬ್ಲೂಟೂತ್ ಓಬಿಡಿ ಸಾಧನ (ಗಾಡಿಯ ಕಂಪ್ಯೂಟರಿನ ಮಾಹಿತಿ ಓದುವಂಥದ್ದು) ಒಂದು ಇಟ್ಟುಕೊಳ್ಳಿ ಅಂತ ಟರ್ಬೊ ಗಾಡಿ ಇರುವ ಎಲ್ಲರಿಗೂ ಹೇಳುತ್ತೇನೆ. ಒಳಗೆ ಹೋಗುವ ಗಾಳಿಯ ಬಿಸಿ, ಕೂಲಂಟ್ ಬಿಸಿ, ಟೈಮಿಂಗ್ ಮೊಬೈಲಿನಲ್ಲೇ ಕಾಣುತ್ತವೆ. ಒಂದೇ ಏರು, ಒಂದೇ ಗೇರು, ಹತ್ತಿರ ಹತ್ತಿರ ಒಂದೇ ಹವೆ. ಎರಡು ಬೇರೆ ಪೆಟ್ರೋಲ್ ಹಾಕಿದಾಗ ಟೈಮಿಂಗ್ ಎಷ್ಟು ವ್ಯತ್ಯಾಸ ಆಗುತ್ತದೆ ಅಂತ ಹೋಲಿಸಿ. ಯಾವ ಜಾಹೀರಾತಿಗಿಂತಲೂ ಅದು ನಿಮ್ಮ ಗಾಡಿಯ ಬಗ್ಗೆ ಸರಿಯಾಗಿ ಹೇಳುತ್ತದೆ. ಮೊಬೈಲ್ ನೋಡುವ ಕೆಲಸ ಮಾತ್ರ ಪಕ್ಕದಲ್ಲಿ ಕೂತವರದು.

ಲಕ್ಷಣ 3: ಕಡಿಮೆ ವೇಗದಲ್ಲಿ ಒಂದೇ ಒಂದು ಭಾರಿ ಹೊಡೆತ

ಇದು ಕಟಕಟ ಅಲ್ಲ. ಆರ್‌ಪಿಎಂ ಎರಡು ಸಾವಿರದ ಆಸುಪಾಸಿನಲ್ಲಿ ಇರುವಾಗ, ದೊಡ್ಡ ಗೇರಿನಲ್ಲಿ, ಕಾಲು ಪೂರ್ತಿ ಒತ್ತಿದಾಗ ಸುತ್ತಿಗೆಯಲ್ಲಿ ಹೊಡೆದಂತೆ 'ಢಬ್' ಅಂತ ಒಂದು ಅಥವಾ ಎರಡು ಸಲ. ಆಮೇಲೆ ಏನೂ ಆಗಿಲ್ಲ ಅನ್ನುವಂತೆ ಗಾಡಿ ಓಡುತ್ತದೆ. ನೇರ ಇಂಜೆಕ್ಷನ್ ಇರುವ ಚಿಕ್ಕ ಟರ್ಬೊ ಎಂಜಿನ್ನುಗಳಲ್ಲಿ ಬರುವ ಇದರ ಹೆಸರು ಎಲ್‌ಎಸ್‌ಪಿಐ. ಎಂಜಿನ್ ಆಯಿಲಿನ ಹನಿಯೋ ಕಾರ್ಬನ್ ಚೂರೋ ಕಿಡಿಗೆ ಮೊದಲೇ ಬೆಂಕಿ ಹಚ್ಚಿಬಿಡುತ್ತದೆ. ಒಂದೇ ಹೊಡೆತಕ್ಕೆ ಪಿಸ್ಟನ್ನಿನ ರಿಂಗ್ ಕೂರುವ ಅಂಚು ಮುರಿಯಬಹುದು.

ಇಲ್ಲಿ ಟೈಮಿಂಗ್ ಹಿಂದಕ್ಕೆ ಎಳೆದು ಪ್ರಯೋಜನ ಇಲ್ಲ, ಕಿಡಿ ಹಾರುವ ಮೊದಲೇ ಕೆಲಸ ಕೆಟ್ಟಿರುತ್ತದೆ. ಆಕ್ಟೇನ್ ಏರಿಸಿದರೂ ಇದು ನಿಲ್ಲುತ್ತದೆ ಅಂತ ನಂಬುವಂತಿಲ್ಲ. ನೋಡಬೇಕಾದ್ದು ಎಂಜಿನ್ ಆಯಿಲ್. ಡಬ್ಬಿಯ ಮೇಲೆ ಎಪಿಐ ಎಸ್‌ಪಿ ಅಂತ ಇದೆಯಾ ನೋಡಿ. 2020ರಲ್ಲಿ ಬಂದ ಈ ಗುಣಮಟ್ಟದಲ್ಲಿ ಎಲ್‌ಎಸ್‌ಪಿಐ ತಡೆಯುವ ಪರೀಕ್ಷೆಯೂ ಸೇರಿದೆ. ಕಂಪನಿ ಪುಸ್ತಕದಲ್ಲಿ ಬೇರೆ ಗುಣಮಟ್ಟ ಹೇಳಿದ್ದರೆ ಅದೇ ಮೊದಲು. ಓಡಿಸುವ ರೀತಿಯನ್ನೂ ಬದಲಾಯಿಸಿ, ಕಡಿಮೆ ಆರ್‌ಪಿಎಂನಲ್ಲಿ ಪೂರ್ತಿ ಒತ್ತಬೇಡಿ. ಹೊಡೆತದ ನಂತರ ಎಂಜಿನ್ ಅಲುಗಾಡಿದರೆ, ನೀಲಿ ಹೊಗೆ ಬಂದರೆ ಗಾಡಿ ನಿಲ್ಲಿಸಿ ಟೋ ಮಾಡಿಸಿ.

ಲಕ್ಷಣ 4: ಬಂಕಿನಿಂದ ಹೊರಟ ಕೂಡಲೇ ಮಿಸ್ ಹೊಡೆಯುತ್ತಿದೆ

ಪೆಟ್ರೋಲ್ ಹಾಕಿಸಿ ಎರಡು ಕಿಲೋಮೀಟರ್ ಆಗಿಲ್ಲ, ಗಾಡಿ ಜಗ್ಗುತ್ತಿದೆ, ನಿಂತಾಗ ಆಫ್ ಆಗುತ್ತಿದೆ. ಇದು ಆಕ್ಟೇನ್ ಸಮಸ್ಯೆ ಅಲ್ಲ. ಪೆಟ್ರೋಲಿನಲ್ಲಿ ನೀರೋ ಬೇರೇನೋ ಸೇರಿದೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎರಡೂ ಸೇರಿ ತಳಕ್ಕೆ ಇಳಿದು ಬೇರೆಯಾಗುತ್ತವೆ. ಪಂಪ್ ಎಳೆಯುವುದು ತಳದಿಂದಲೇ, ಅಲ್ವಾ? ಮೇಲೆ ಉಳಿದ ಪೆಟ್ರೋಲಿನ ಆಕ್ಟೇನ್ ಕೂಡ ಬಿದ್ದುಹೋಗಿರುತ್ತದೆ. ಮಳೆಗಾಲದಲ್ಲಿ ಈ ದೂರು ಬಂದರೆ ಮೊದಲು ನೀರನ್ನೇ ಅನುಮಾನಿಸಿ.

ಗಾಡಿ ಪಕ್ಕಕ್ಕೆ ನಿಲ್ಲಿಸಿ, ಬಿಲ್ ಜೋಪಾನ ಮಾಡಿ. ಸಾಧ್ಯವಾದರೆ ವಾಪಸ್ ಹೋಗಿ ಫಿಲ್ಟರ್ ಪೇಪರ್ ಪರೀಕ್ಷೆ ಕೇಳಿ. ಅದು ಗ್ರಾಹಕರ ಹಕ್ಕು. ಪೇಪರ್ ಮೇಲೆ ಒಂದು ಹನಿ ಬಿಟ್ಟಾಗ ಅದು ಕಲೆ ಉಳಿಸದೆ ಆರಬೇಕು. ಸಾಂದ್ರತೆ ಅಳೆದು ತೋರಿಸಿ ಅಂತಲೂ ಕೇಳಬಹುದು. ಸೀಮೆಎಣ್ಣೆಯಂಥ ಕಲಬೆರಕೆ ಆಗಿದ್ದರೆ ಇವುಗಳಲ್ಲಿ ಸುಳಿವು ಸಿಗಬಹುದು, ಮತ್ತು ಸೀಮೆಎಣ್ಣೆ ಆಕ್ಟೇನನ್ನು ಜೋರಾಗಿ ಇಳಿಸುತ್ತದೆ. ಆದರೆ ಆಕ್ಟೇನ್ ಎಷ್ಟು ಅಂತ ಬಂಕಿನಲ್ಲಿ ಅಳೆಯಲು ಆಗುವುದಿಲ್ಲ, ಅದಕ್ಕೆ ಪ್ರಯೋಗಾಲಯವೇ ಬೇಕು.

ಪೆಟ್ರೋಲ್ ಗಾಡಿಗೆ ತಪ್ಪಿ ಡೀಸೆಲ್ ಬಿದ್ದರೆ ಕೀ ತಿರುಗಿಸಬೇಡಿ, ಸ್ಟಾರ್ಟ್ ಬಟನ್ ಒತ್ತಬೇಡಿ. ಗಾಡಿ ತಳ್ಳಿಸಿ, ಟ್ಯಾಂಕ್ ಖಾಲಿ ಮಾಡಿಸಿ.

ಈ ಕೆಲಸ ಮನೆಯಲ್ಲಿ ಬೇಡ ಅಂತ ಕೈಮುಗಿದು ಕೇಳುತ್ತೇನೆ. ಪೈಪ್ ಹಾಕಿ ಬಾಯಲ್ಲಿ ಎಳೆಯುವುದು ಈಗಲೂ ನಡೆಯುತ್ತದೆ. ಪೆಟ್ರೋಲ್ ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಅದರ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರದ ಗ್ಯಾಸ್ ಒಲೆಗೋ ಸ್ವಿಚ್ಚಿನ ಕಿಡಿಗೋ ತಗುಲುತ್ತದೆ. ನೆಲಮಾಳಿಗೆಯ ಪಾರ್ಕಿಂಗಿನಲ್ಲಂತೂ ಬೇಡವೇ ಬೇಡ.

ಲಕ್ಷಣ 5: 100 ಆಕ್ಟೇನ್ ಹಾಕಿದರೂ ಏನೂ ವ್ಯತ್ಯಾಸ ಇಲ್ಲ, ಮೈಲೇಜೂ ಇಲ್ಲ

ಇದು ದೋಷವೇ ಅಲ್ಲ. 91ಕ್ಕೆ ಅಂತ ಮಾಡಿದ ಎಂಜಿನ್ನಿಗೆ 100 ಹಾಕಿದರೆ ಆ ಹೆಚ್ಚಿನ ತಾಳ್ಮೆಯನ್ನು ಬಳಸಿಕೊಳ್ಳುವ ದಾರಿ ಅದಕ್ಕೆ ಇಲ್ಲ. ದುಡ್ಡು ಹೋಯಿತು ಅಷ್ಟೇ, ಹಾನಿ ಇಲ್ಲ. ಶಿಫಾರಸು 98 ಇರುವ ಗಾಡಿಯಲ್ಲಿ 95ರಿಂದ 98ಕ್ಕೆ ಹೋದರೆ ಬೇಸಿಗೆಯಲ್ಲಿ, ಜೋರಾಗಿ ಓಡಿಸಿದಾಗ ವ್ಯತ್ಯಾಸ ಗೊತ್ತಾಗುತ್ತದೆ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಗೊತ್ತಾಗುವುದಿಲ್ಲ.

ಇ20 ಹಾಕಿದ ಮೇಲೆ ಮೈಲೇಜ್ ಇಳಿಯಿತು ಅನ್ನುವ ಮಾತಿಗೆ ಆಕ್ಟೇನ್ ಕಾರಣ ಅಲ್ಲ. ಒಂದು ಲೀಟರ್ ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿ ಇದೆ. ಶೇ 20 ಬೆರೆಸಿದರೆ ಲೆಕ್ಕದ ಪ್ರಕಾರ ಶೇ 6-7 ಶಕ್ತಿ ಕಡಿಮೆ. ಆಕ್ಟೇನ್ ಏರುತ್ತದೆ, ಶಕ್ತಿ ಇಳಿಯುತ್ತದೆ. ಎರಡೂ ಒಂದೇ ಪೆಟ್ರೋಲಿನಲ್ಲಿ ಇರಬಹುದು. ನಿಮ್ಮದು 2023ರ ಏಪ್ರಿಲಿಗಿಂತ ಹಳೆಯ ಗಾಡಿಯಾದರೆ ಆಕ್ಟೇನ್ ಸಂಖ್ಯೆ ಸರಿ ಇದ್ದರೂ ಸಾಲದು. ಎಥನಾಲ್ ಎಷ್ಟರವರೆಗೆ ಹಾಕಬಹುದು ಅಂತ ಪುಸ್ತಕದಲ್ಲಿ ನೋಡಿ, ರಬ್ಬರ್ ಪೈಪುಗಳನ್ನು ಸರ್ವಿಸಿನಲ್ಲಿ ತಪ್ಪದೆ ಪರೀಕ್ಷೆ ಮಾಡಿಸಿ.

ಟ್ಯಾಂಕಿಗೆ ಏನೇನು ಹಾಕಬಾರದು

ಆಕ್ಟೇನ್ ಬೂಸ್ಟರ್ ಬಾಟಲಿಯ ಮೇಲೆ 'ಹತ್ತು ಪಾಯಿಂಟ್ ಏರಿಸುತ್ತದೆ' ಅಂತ ಇದ್ದರೆ 91 ಹೋಗಿ 101 ಆಗುವುದಿಲ್ಲ. ಈ ವ್ಯಾಪಾರದಲ್ಲಿ ಹತ್ತು ಪಾಯಿಂಟ್ ಅಂದರೆ ಒಂದು ಆಕ್ಟೇನ್. 91 ಆಗುವುದು 92. ಕೆಲವು ಬೂಸ್ಟರುಗಳಲ್ಲಿ ಮ್ಯಾಂಗನೀಸ್ ಅಥವಾ ಕಬ್ಬಿಣದ ಅಂಶ ಇರುತ್ತದೆ. ಮತ್ತೆ ಮತ್ತೆ ಹಾಕಿದರೆ ಪ್ಲಗ್ಗಿನ ಮೇಲೆ ಕೆಂಪು ಮಣ್ಣಿನ ಬಣ್ಣದ ಪದರ ಕಟ್ಟುತ್ತದೆ. ಬೇರೆ ಊರಿನಲ್ಲಿ ಸರಿಯಾದ ಪೆಟ್ರೋಲ್ ಸಿಗದೆ ಸಿಕ್ಕಿಬಿದ್ದಾಗ ಒಂದು ಸಲ ಹಾಕಿದರೆ ಸರಿ, ಅಭ್ಯಾಸ ಬೇಡ.

ನುಸಿ ಗುಳಿಗೆ ಹಾಕಿದರೆ ಪಿಕಪ್ ಬರುತ್ತದೆ ಅಂತ ಈಗಲೂ ಹೇಳುವವರಿದ್ದಾರೆ. ಹಾಕಬೇಡಿ. ಕರಗಿದ್ದು ಮತ್ತೆ ಹರಳುಗಟ್ಟಿ ಫಿಲ್ಟರ್, ಇಂಜೆಕ್ಟರ್ ಕಟ್ಟಬಹುದು. ಥಿನ್ನರ್ ಬೇಡ. ಸಣ್ಣ ವಿಮಾನಗಳಿಗೆ ಹಾಕುವ ಪೆಟ್ರೋಲಂತೂ ಬೇಡವೇ ಬೇಡ, ಅದರಲ್ಲಿ ಸೀಸ ಇರುತ್ತದೆ. ಹೊಗೆ ಶುಚಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ಆಕ್ಸಿಜನ್ ಸೆನ್ಸರ್ ಎರಡೂ ಹಾಳು. ನಮ್ಮ ದೇಶದ ಬಂಕುಗಳಿಂದ ಸೀಸ ಹೋದದ್ದು 2000ದ ಫೆಬ್ರುವರಿಯಲ್ಲಿ. ಅದನ್ನು ಮತ್ತೆ ಉಸಿರಾಡುವ ಗ್ರಹಚಾರ ಯಾರಿಗೂ ಬೇಡ.

ಎಲ್ಲಾ ಸರಿ ಇದೆ, ಆದರೂ ಶಬ್ದ: ರೀಮ್ಯಾಪ್ ಆಗಿದೆಯಾ?

ನನ್ನ ಗಾಡಿಯ ಸ್ಟಿಕ್ಕರ್ ತೊಳೆದು ತೊಳೆದು ಅಳಿಸಿತ್ತು. ಪುಸ್ತಕ ತೆಗೆದು ನೋಡಿದರೆ ಕನಿಷ್ಠ 91 ಅಂತ ಇತ್ತು. ಅಂದರೆ ನಾನು ಹಾಕಿದ 91 ಸರಿಯಾಗಿಯೇ ಇತ್ತು. ಕೂಲಂಟ್ ಸರಿ, ಇಂಟರ್‌ಕೂಲರ್ ಶುಚಿ, ಒಂದೂ ಕೋಡ್ ಇಲ್ಲ. ಆದರೂ ಪ್ಲಗ್ಗಿನ ಮೇಲೆ ಆ ಬೆಳ್ಳಿ ಕಣಗಳು.

ಮೆಕ್ಯಾನಿಕ್ ಲ್ಯಾಪ್‌ಟಾಪ್ ಜೋಡಿಸಿ ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ನೋಡಿದರು. ಅದು ಕಂಪನಿಯದಾಗಿರಲಿಲ್ಲ. ಯಾರೋ ಬದಲಾಯಿಸಿದ್ದರು, ಇದಕ್ಕೇ ರೀಮ್ಯಾಪ್ ಅನ್ನುವುದು. ನನಗೆ ಗಾಡಿ ಮಾರಿದವರಿಗೆ ಫೋನ್ ಮಾಡಿದೆ. "ಹೌದು ಸಾರ್, 97ಕ್ಕೆ ಮ್ಯಾಪ್ ಮಾಡಿಸಿದ್ದೆ, ಹೇಳೋದು ಮರೆತೆ" ಅಂದರು. ಟರ್ಬೊ ಒತ್ತಡ ಏರಿಸಿ, ಟೈಮಿಂಗ್ ಮುಂದಕ್ಕೆ ತಂದ ಮ್ಯಾಪ್ ಅದು. ಆ ಗಾಡಿಗೆ ಪುಸ್ತಕದ 91 ಯಾವ ಲೆಕ್ಕಕ್ಕೂ ಇಲ್ಲ. ನಾಕ್ ಸೆನ್ಸರ್ ತಡೆಯಬೇಕಿತ್ತಲ್ಲ ಅಂದರೆ, ಅದು ಹಿಂದಕ್ಕೆ ಎಳೆಯುವುದಕ್ಕೂ ಒಂದು ಮಿತಿ ಇದೆ.

ಸೆಕೆಂಡ್ ಹ್ಯಾಂಡ್ ಟರ್ಬೊ ಗಾಡಿ ಕೊಳ್ಳುವವರು ಈ ಒಂದು ಪ್ರಶ್ನೆಯನ್ನು ಕೇಳಲೇಬೇಕು: ಮ್ಯಾಪ್ ಆಗಿದೆಯಾ, ಆಗಿದ್ದರೆ ಎಷ್ಟು ಆಕ್ಟೇನಿಗೆ? ಉತ್ತರ ಬರಹದಲ್ಲಿ ತೆಗೆದುಕೊಳ್ಳಿ. ಮ್ಯಾಪ್ 97ಕ್ಕೆ ಅಂದರೆ 97 ಸಿಗದ ಊರಿಗೆ ಹೋಗುವಾಗ ಮೆಲ್ಲಗೆ ಓಡಿಸಬೇಕು, ಇಲ್ಲ ಕಡಿಮೆ ಆಕ್ಟೇನಿನ ಇನ್ನೊಂದು ಮ್ಯಾಪ್ ಜೊತೆಗೆ ಇಟ್ಟುಕೊಳ್ಳಬೇಕು. ನಾನು ಕಂಪ್ರೆಷನ್ ಪರೀಕ್ಷೆ ಮಾಡಿಸಿದೆ, ಬೋರೋಸ್ಕೋಪ್ ಇಳಿಸಿ ನೋಡಿಸಿದೆ. ಮೂರನೇ ಪಿಸ್ಟನ್ನಿನ ಅಂಚಿನಲ್ಲಿ ಮರಳುಕಾಗದ ಉಜ್ಜಿದಂಥ ಗುರುತು ಬಿಟ್ಟರೆ ಎಂಜಿನ್ ಉಳಿದಿತ್ತು. ಕಂಪನಿ ಮ್ಯಾಪಿಗೆ ವಾಪಸ್ ತಂದು, ಹೊಸ ಪ್ಲಗ್ ಹಾಕಿಸಿದೆ. ಈಗ 95 ಹಾಕುತ್ತೇನೆ. ಶಿರಾಡಿಯಲ್ಲಿ ಆಮೇಲೆ ಹತ್ತಾರು ಸಲ ಹತ್ತಿದ್ದೇನೆ, ಶಬ್ದ ಇಲ್ಲ.

ಯಾವಾಗ ಗಾಡಿ ನಿಲ್ಲಿಸಬೇಕು

ಎಂಜಿನ್ ಲೈಟ್ ಸುಮ್ಮನೆ ಹತ್ತಿದ್ದರೆ ಮೆಲ್ಲಗೆ ಗ್ಯಾರೇಜ್ ಸೇರಬಹುದು. ಅದು ಮಿಟುಕುತ್ತಿದ್ದರೆ ಬೇಡ. ಮಿಟುಕುವುದು ಅಂದರೆ ಜೋರು ಮಿಸ್‌ಫೈರ್. ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ, ಗಾಡಿಯ ಅಡಿ ಕೆಂಪಗೆ ಕಾಯುತ್ತದೆ. ಒಣಹುಲ್ಲಿನ ಮೇಲೆ, ತರಗೆಲೆಯ ಮೇಲೆ ನಿಲ್ಲಿಸಬೇಡಿ. ಕೂಲಂಟ್ ಮುಳ್ಳು ಕೆಂಪಿಗೆ ಹೋದರೆ, ಆಯಿಲ್ ಲೈಟ್ ಹತ್ತಿದರೆ, ಕಾಲು ಎತ್ತಿದ ಮೇಲೂ ಕಟಕಟ ನಿಲ್ಲದಿದ್ದರೆ, ಹೊಗೆ ಬಂದರೆ, ಒಳಗೆ ಪೆಟ್ರೋಲ್ ವಾಸನೆ ಬಂದರೆ ಪಕ್ಕಕ್ಕೆ ತೆಗೆದು ಎಂಜಿನ್ ಆರಿಸಿ. ಘಾಟಿಯಲ್ಲಿ ತಿರುವಿನಲ್ಲಿ ನಿಲ್ಲಿಸಬೇಡಿ. ಸ್ವಲ್ಪ ಮುಂದೆ ಜಾಗ ನೋಡಿ, ಅಪಾಯದ ದೀಪ ಹಾಕಿ, ಎಲ್ಲರನ್ನೂ ವಾಹನ ಓಡಾಡದ ಬದಿಗೆ, ರಸ್ತೆಯಿಂದ ಹೊರಗೆ ಇಳಿಸಿ.

ಗ್ಯಾರೇಜಿಗೆ ಹೋಗುವಾಗ ಶಬ್ದ ಬಂದಾಗ ಯಾವ ಗೇರ್, ಎಷ್ಟು ಆರ್‌ಪಿಎಂ, ಎಸಿ ಇತ್ತಾ, ಎಷ್ಟು ಜನ ಇದ್ದರು, ಯಾವ ಪೆಟ್ರೋಲ್ ಎಷ್ಟು ಲೀಟರ್ ಹಾಕಿದ್ದಿರಿ ಅಂತ ಬರೆದುಕೊಂಡು ಹೋಗಿ. ಗ್ಯಾರೇಜಿನ ಅಂಗಳದಲ್ಲಿ ಭಾರ ಇಲ್ಲ, ಏರು ಇಲ್ಲ, ಅಲ್ಲಿ ಆ ಶಬ್ದ ಬರುವುದೂ ಇಲ್ಲ. ಸುರಕ್ಷಿತವಾದ ಕಡೆ, ಪಕ್ಕದ ಸೀಟಿನವರ ಕೈಲಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಸಿ. ಕಿಟಕಿ ಇಳಿಸಿ, ರಸ್ತೆ ಪಕ್ಕದ ತಡೆಗೋಡೆಯ ಬದಿಯಲ್ಲಿ ಹೋಗುವಾಗ ಶಬ್ದ ಗೋಡೆಗೆ ಬಡಿದು ವಾಪಸ್ ಬಂದು ಚೆನ್ನಾಗಿ ಕೇಳಿಸುತ್ತದೆ.